ಡಿಸಿ ಇಲ್ಲದ ಜಿಲ್ಲೆಯಲ್ಲಿ ಅಪ್ಪಾಜಿ

ಬಂದ ನಾಲ್ಕನೇ ದಿನವೇ ಅಪ್ಪಾಜಿ ಕೇಳಿದರು, "ಇಲ್ಲಿ ಡಿಸಿ ಯಾರಮ್ಮ?"

ಜಗಳೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮೂರು ದಶಕ ಗ್ರಾಮ ಲೆಕ್ಕಿಗರಾಗಿದ್ದವರು ಅವರು. ಹೊಸ ಊರಿಗೆ ಕಾಲಿಟ್ಟರೆ ತಾಲ್ಲೂಕು ಯಾವುದು, ಹೋಬಳಿ ಯಾವುದು, ಮಣ್ಣು ಎಂಥದು, ಕಂದಾಯ ಎಷ್ಟು ಅಂತ ತಿಳಿದುಕೊಳ್ಳುವ ತನಕ ಅವರಿಗೆ ಆ ಊರು ಊರೇ ಅಲ್ಲ. ನಾನಿರುವುದು ಇಲಿನಾಯ್ ರಾಜ್ಯದ ಮೆಕ್ಲೇನ್ ಕೌಂಟಿಯಲ್ಲಿ. ಹನ್ನೊಂದು ವರ್ಷವಾಯಿತು. "ಇಲ್ಲಿ ಡಿಸಿ ಅಂತ ಯಾರೂ ಇಲ್ಲ ಅಪ್ಪಾಜಿ" ಎಂದೆ.

"ಜಿಲ್ಲೆ ಅಂದಮೇಲೆ ಅದಕ್ಕೊಬ್ಬರು ಇರಲೇಬೇಕಲ್ಲ?" ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಅವರ ಮೂರು ತಿಂಗಳು ಕಳೆಯಿತು. ನಾನೂ ಇಷ್ಟು ವರ್ಷ ಸರಿಯಾಗಿ ನೋಡದೇ ಇದ್ದ ನನ್ನ ಊರನ್ನು ಅವರ ಜೊತೆ ನೋಡಿದೆ.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. ಇಲಿನಾಯ್‌ನಲ್ಲಿ 102 ಕೌಂಟಿಗಳಿವೆ, ವಿಸ್ತೀರ್ಣದಲ್ಲಿ ನಮ್ಮದೇ ದೊಡ್ಡದು. ಸುಮಾರು 3,070 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗಿನ ಮುಕ್ಕಾಲು ಪಾಲು. ಕರ್ನಾಟಕದಲ್ಲಿ ಅತಿ ಕಡಿಮೆ ಜನರಿರುವ ಜಿಲ್ಲೆ ಕೊಡಗು, ಅಲ್ಲಿಯೇ ಐದೂವರೆ ಲಕ್ಷ ಜನ. ಇಲ್ಲಿ 2020ರ ಜನಗಣತಿಯಲ್ಲಿ ಸಿಕ್ಕವರು 1,70,954 ಮಂದಿ. ಅವರಲ್ಲೂ 78,680 ಜನ ಬ್ಲೂಮಿಂಗ್ಟನ್ನಿನಲ್ಲಿ, 52,736 ಜನ ಅದಕ್ಕೆ ಅಂಟಿಕೊಂಡಿರುವ ನಾರ್ಮಲ್ ಎಂಬ ಊರಿನಲ್ಲಿ. ಮಿಕ್ಕ ಅಷ್ಟೂ ನೆಲಕ್ಕೆ ನಲವತ್ತು ಸಾವಿರ ಜನರೂ ಇಲ್ಲ. ಊರು ದಾಟಿದರೆ ಎರಡೂ ಬದಿಗೆ ಮೆಕ್ಕೆಜೋಳ, ಅದು ಮುಗಿದರೆ ಸೋಯಾ, ಮತ್ತೆ ಮೆಕ್ಕೆಜೋಳ. ದಾವಣಗೆರೆ ಸೀಮೆಯ ಮೆಕ್ಕೆಜೋಳ ನೋಡುತ್ತಲೇ ವಯಸ್ಸಾದ ಅಪ್ಪಾಜಿ ಕಾರಿನ ಗಾಜು ಇಳಿಸಿ ಕುಳಿತವರು ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು: "ಹೊಲದಲ್ಲಿ ಒಬ್ಬ ಆಳೂ ಕಾಣ್ಲಿಲ್ಲ."

ನಾರ್ಮಲ್ ಅನ್ನುವ ಹೆಸರು ಕೇಳಿ ಊರಲ್ಲಿ ನಗುವವರೇ ಹೆಚ್ಚು. ಅಪ್ಪಾಜಿ ನಗಲಿಲ್ಲ. ಹಳೇ ಮೈಸೂರು ಸಂಸ್ಥಾನದಲ್ಲೂ ಮೇಷ್ಟ್ರ ತರಬೇತಿ ಶಾಲೆಗೆ ನಾರ್ಮಲ್ ಸ್ಕೂಲ್ ಅನ್ನುತ್ತಿದ್ದುದು ಅವರಿಗೆ ಗೊತ್ತಿತ್ತು. ಇಲ್ಲಿಯೂ ಹೆಸರು ಬಂದದ್ದು ಅದರಿಂದಲೇ. 1857ರಲ್ಲಿ ಮೇಷ್ಟ್ರುಗಳಿಗಾಗಿ ಶುರುವಾದ ಆ ಶಾಲೆ ಈಗ ಇಲಿನಾಯ್ ಸ್ಟೇಟ್ ಯೂನಿವರ್ಸಿಟಿ. ನಮ್ಮಂಥವರನ್ನು ಇಲ್ಲಿಗೆ ಎಳೆದು ತಂದದ್ದು ಇನ್ನೊಂದು, 1922ರಲ್ಲಿ ಜಾರ್ಜ್ ಮೆಕರ್ಲಿ ಎಂಬ ರೈತ ರೈತರ ಕಾರುಗಳಿಗೆ ಕಡಿಮೆ ದರದಲ್ಲಿ ವಿಮೆ ಕೊಡಲು ಕಟ್ಟಿದ ಸ್ಟೇಟ್ ಫಾರ್ಮ್ ಕಂಪನಿ. ಬ್ಲೂಮಿಂಗ್ಟನ್ನಿನಲ್ಲಿ ಅದರ ಕಂಪ್ಯೂಟರ್ ಕೆಲಸಕ್ಕೆಂದು ಬಂದ ಕನ್ನಡದ ಮನೆಗಳು ಈಗ ಯುಗಾದಿಗೆ ಒಟ್ಟಿಗೆ ಒಬ್ಬಟ್ಟು ಮಾಡುವಷ್ಟು ಇವೆ.

ಒಂದು ಭಾನುವಾರ ಹಳ್ಳಿ ರಸ್ತೆಯ ಕೂಡುದಾರಿಯಲ್ಲಿ ಕಾರು ನಿಲ್ಲಿಸಿದೆ. ಅಪ್ಪಾಜಿ ಇಳಿದು ನಾಲ್ಕೂ ದಿಕ್ಕಿಗೆ ಕಣ್ಣಿನ ಮೇಲೆ ಕೈಯಿಟ್ಟು ನೋಡಿದರು. ನಾಲ್ಕೂ ಕಡೆ ನೂಲು ಹಿಡಿದು ಎಳೆದ ಹಾಗೆ ರಸ್ತೆ. ಈ ರಸ್ತೆಗಳಿಗೆ ಮಹಾತ್ಮರ ಹೆಸರಿಲ್ಲ, '1500 ನಾರ್ತ್' ಅನ್ನುವಂಥ ಅಂಕಿಗಳೇ ಹೆಸರು. ಮೈಲಿಗೊಂದು ರಸ್ತೆ, ಮೈಲಿಗೆ ನೂರರಂತೆ ಅಂಕಿ ಏರುತ್ತದೆ.

"ಸರ್ವೆ ಮೊದಲು, ರಸ್ತೆ ಆಮೇಲೆ" ಎಂದರು ಅಪ್ಪಾಜಿ ತಕ್ಷಣ. ಅವರ ಮಾತು ಅಕ್ಷರಶಃ ಸರಿ. 1785ರ ಕಾನೂನಿನಂತೆ ಅಮೆರಿಕ ಸರ್ಕಾರ ಈ ನೆಲವನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ಅಳೆಸಿತು. ಒಂದು ಟೌನ್‌ಶಿಪ್ಪಿಗೆ 36 ಸೆಕ್ಷನ್, ಒಂದು ಸೆಕ್ಷನ್ನಿಗೆ 640 ಎಕರೆ. ಅಳೆದದ್ದು 66 ಅಡಿಯ ಸರಪಳಿಯಲ್ಲಿ. ಅದನ್ನು ಹೇಳುತ್ತಿದ್ದಂತೆ ಅಪ್ಪಾಜಿಯ ಮುಖ ಅರಳಿತು. ನಮ್ಮ ಸರ್ವೆ ಚೈನು 33 ಅಡಿ, ಅದಕ್ಕೆ 16 ಆಣೆ. ಚೈನಿನುದ್ದದ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. "ನಮ್ಮದು ಇದರ ಅರ್ಧ ಸರಪಳಿ ಕಣಮ್ಮ!" ಎಂದು ಚರಂಡಿಯ ಅಂಚಿನಲ್ಲಿ ಹನ್ನೆರಡು ಹೆಜ್ಜೆ ಹಾಕಿ ನಿಂತು ತೋರಿಸಿದರು. ಇಂಗ್ಲೆಂಡಿನ ಒಂದೇ ಅಳತೆ ಜಗಳೂರಿಗೂ ಬಂದಿತ್ತು, ಇಲ್ಲಿಗೂ ಬಂದಿತ್ತು.

ಆದರೆ ನಮ್ಮಲ್ಲಿ ಸರಪಳಿ ಬರುವ ಹೊತ್ತಿಗೆ ಹೊಲ, ಹಳ್ಳ, ಬದು, ಹುಣಸೆಮರ ಎಲ್ಲ ಇದ್ದವು. ಅಳೆಯುವವನು ಇದ್ದುದನ್ನು ಬರೆದುಕೊಂಡ. ಇಲ್ಲಿ ಇದ್ದವರನ್ನು ತೆರವು ಮಾಡಿ ಅಳೆದರು. ಈ ಬಯಲು ಕಿಕಪೂ ಜನರದಾಗಿತ್ತು. ಈಗಿನ ಲೆರಾಯ್ ಊರಿನ ಬಳಿ ಅವರ ದೊಡ್ಡ ಗ್ರಾಮವೇ ಇತ್ತು. 1819ರ ಒಪ್ಪಂದದಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ಹನ್ನೊಂದು ವರ್ಷಕ್ಕೆ, 1830ರ ಡಿಸೆಂಬರ್ 25ರಂದು, ಜಾನ್ ಮೆಕ್ಲೇನ್ ಎಂಬ ಸೆನೆಟರ್ ಹೆಸರಿನಲ್ಲಿ ಕೌಂಟಿ ಹುಟ್ಟಿತು. ಇದನ್ನು ಕೇಳಿ ಅಪ್ಪಾಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರಿಗೆ ಪಹಣಿ ಇರಲಿಲ್ಲ" ಎಂದರು.

ಅಲ್ಲೇ ಚರಂಡಿಗೆ ಹೊಲದ ಒಳಗಿನಿಂದ ಒಂದು ಕೊಳವೆಯ ಬಾಯಿ ಚಾಚಿತ್ತು, ತಣ್ಣನೆಯ ತಿಳಿನೀರು ಸುರಿಯುತ್ತಿತ್ತು. ಬೋರ್‌ವೆಲ್ ಎಂದುಕೊಂಡರು ಅಪ್ಪಾಜಿ. ಅಲ್ಲ. ಹಿಮನದಿ ಬಿಟ್ಟುಹೋದ ಈ ಕಪ್ಪು ನೆಲ ಮೊದಲು ಜೌಗು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೈತರು ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹೂತು ನೀರನ್ನು ಹೊರಗೆ ಹರಿಸಿದ ಮೇಲೇ ಇದು ಚಿನ್ನದಂಥ ಭೂಮಿಯಾದದ್ದು. ಬರದ ಸೀಮೆ ಜಗಳೂರಿನವರಿಗೆ ಇದನ್ನು ಹೇಗೆ ಹೇಳಲಿ? ಹೊಲದಿಂದ ನೀರು ಹೊರಹಾಕುವುದಕ್ಕೇ ಇಲ್ಲಿ ಡ್ರೈನೇಜ್ ಡಿಸ್ಟ್ರಿಕ್ಟ್ ಅನ್ನುವ ಬೇರೆ ಸರ್ಕಾರವುಂಟು, ಅದಕ್ಕೆ ತೆರಿಗೆ ಎತ್ತುವ ಅಧಿಕಾರವೂ ಉಂಟು. ಅಪ್ಪಾಜಿ ಬೊಗಸೆಯಲ್ಲಿ ಆ ನೀರು ಹಿಡಿದು ನೋಡಿ ಮೆಲ್ಲಗೆ ಚೆಲ್ಲಿದರು.

ಸರ್ಕಾರಗಳ ಲೆಕ್ಕ ಶುರುವಾದದ್ದು ಅಲ್ಲಿಂದ. ಮನೆಯಲ್ಲಿ ಆಸ್ತಿ ತೆರಿಗೆಯ ಬಿಲ್ಲು ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಪೆನ್ಸಿಲ್ಲಿನಿಂದ ಒಂದೊಂದೇ ಸಾಲಿಗೆ ಚುಕ್ಕಿ ಇಡುತ್ತ ಓದಿದರು. ಎಂಟು ಸಾಲು: ಕೌಂಟಿ, ಟೌನ್‌ಶಿಪ್, ಊರಾಡಳಿತ, ಲೈಬ್ರರಿ, ಶಾಲಾ ಜಿಲ್ಲೆ, ಸಮುದಾಯ ಕಾಲೇಜು, ಕೊಳಚೆ ನೀರಿನ ಮಂಡಳಿ, ವಿಮಾನ ನಿಲ್ದಾಣದ ಪ್ರಾಧಿಕಾರ. ಪ್ರತಿ ಸಾಲಿಗೂ ದರ ಇಷ್ಟು, ದುಡ್ಡು ಇಷ್ಟು. ಅರ್ಧಕ್ಕಿಂತ ಹೆಚ್ಚು ಶಾಲೆಗೇ ಹೋಗುತ್ತದೆ. ಎಂಟೂ ಬೇರೆ ಬೇರೆ ಸಂಸ್ಥೆಗಳು, ಒಂದರ ಕೈಕೆಳಗೆ ಇನ್ನೊಂದಿಲ್ಲ. ಇಡೀ ಅಮೆರಿಕದಲ್ಲಿ ಸ್ಥಳೀಯ ಸರ್ಕಾರಗಳು ಅತಿ ಹೆಚ್ಚಿರುವ ರಾಜ್ಯ ಇಲಿನಾಯ್, ಏಳು ಸಾವಿರದ ಆಸುಪಾಸು.

ಕೌಂಟಿಗೆ 20 ಸದಸ್ಯರ ಮಂಡಳಿ ಇದೆ, ಹತ್ತು ಕ್ಷೇತ್ರಕ್ಕೆ ತಲಾ ಇಬ್ಬರು. ಅಧ್ಯಕ್ಷರನ್ನು ಅವರೇ ತಮ್ಮೊಳಗೆ ಆರಿಸಿಕೊಳ್ಳುತ್ತಾರೆ. ಹಾಗೆಂದು ಅಧ್ಯಕ್ಷರು ಹೇಳಿದಂತೆ ಎಲ್ಲರೂ ಕೇಳಬೇಕಿಲ್ಲ. ಪೊಲೀಸು ಮತ್ತು ಜೈಲಿನ ಹೊಣೆ ಹೊತ್ತ ಶೆರಿಫ್, ಖಜಾಂಚಿ, ಲೆಕ್ಕ ತಪಾಸಿಗ, ಕೌಂಟಿ ಕ್ಲರ್ಕ್, ಸರ್ಕಾರಿ ವಕೀಲ, ಅಸಹಜ ಸಾವಿನ ತನಿಖೆ ಮಾಡುವ ಕರೋನರ್, ಇವರೆಲ್ಲರೂ ಜನರಿಂದ ನೇರವಾಗಿ ಗೆದ್ದು ಬಂದವರು. "ಪಂಚನಾಮೆ ಮಾಡೋರಿಗೂ ಓಟಾ?" ಎಂದು ಅಪ್ಪಾಜಿ ಪೆನ್ಸಿಲ್ಲು ಕೆಳಗಿಟ್ಟರು.

ಕೌಂಟಿಯ ಎಲ್ಲೆಯೊಳಗೆ 31 ಟೌನ್‌ಶಿಪ್‌ಗಳು. ಒಬ್ಬ ಸೂಪರ್‌ವೈಸರ್, ನಾಲ್ವರು ಟ್ರಸ್ಟಿಗಳು, ಹಳ್ಳಿ ರಸ್ತೆಗೊಬ್ಬ ಕಮಿಷನರ್. ಬಡವರಿಗೆ ತುರ್ತು ನೆರವು ಕೊಡುವ ಕೆಲಸವೂ ಟೌನ್‌ಶಿಪ್ಪಿನದೇ. ಏಪ್ರಿಲ್‌ನಲ್ಲಿ ವಾರ್ಷಿಕ ಸಭೆ, ಅಲ್ಲಿನ ಯಾವ ಮತದಾರರೂ ಹೋಗಿ ಕೈ ಎತ್ತಬಹುದು. ನಮ್ಮ ಗ್ರಾಮಸಭೆಯ ಹಾಗೆಯೇ.

ಇದೆಲ್ಲ ಹೇಳುವಾಗ ನನಗೆ ಹೆಮ್ಮೆ ಅನ್ನಿಸುತ್ತಿತ್ತು. ಆದರೆ ಇಲ್ಲಿಗೆ ಬಂದ ಮೊದಲ ಚಳಿಗಾಲ ನೆನಪಾಯಿತು. ಗೆಳತಿಯ ಹಳ್ಳಿಮನೆಯ ದಾರಿಗೆ ಹಿಮ ಬಿದ್ದು ಎರಡು ದಿನವಾದರೂ ಯಾರೂ ತೆಗೆದಿರಲಿಲ್ಲ. ಫೋನ್ ಮಾಡಿದ ಮೊದಲ ಕಚೇರಿ ನಮ್ಮದಲ್ಲ ಎಂದಿತು, ಎರಡನೆಯದೂ ಹಾಗೇ ಎಂದಿತು. ಹೆದ್ದಾರಿ ರಾಜ್ಯದ್ದು, ಕೆಲವು ರಸ್ತೆ ಕೌಂಟಿಯದ್ದು, ಅದು ಟೌನ್‌ಶಿಪ್ಪಿನದು ಎಂದು ತಿಳಿಯುವಷ್ಟರಲ್ಲಿ ಸಂಜೆ. ಅಪ್ಪಾಜಿ ಇದನ್ನೇ ಹಿಡಿದುಕೊಂಡರು. "ನಮ್ಮಲ್ಲಿ ಎಷ್ಟೇ ತಪ್ಪಿರಲಿ, ಅರ್ಜಿ ಹಿಡಿದ ಮುದುಕಿಗೆ ಯಾವ ಬಾಗಿಲಿಗೆ ಹೋಗಬೇಕು ಅಂತ ಗೊತ್ತಿರುತ್ತೆ" ಎಂದರು. ಬಾಗಿಲು ಗೊತ್ತಿದ್ದರೂ ಅಜ್ಜಿಯ ಕೆಲಸ ಆಗುವುದಿಲ್ಲವಲ್ಲ, ಡಿಸಿಯನ್ನು ಆಕೆ ಓಟು ಹಾಕಿ ಇಳಿಸಲಾರಳಲ್ಲ ಎಂದೆ ನಾನು. ಆ ರಾತ್ರಿ ಊಟ ಆರಿಹೋಯಿತು, ವಾದ ಮುಗಿಯಲಿಲ್ಲ. ನನಗೆ ಈಗಲೂ ಅನ್ನಿಸುವುದು ಇಷ್ಟು: ಕಂದಾಯದ ರಸೀದಿಯಲ್ಲಿ ಯಾವ ರೂಪಾಯಿ ಎಲ್ಲಿಗೆ ಹೋಯಿತು ಎಂದು ಸಾಲುಸಾಲಾಗಿ ಬರೆದು ಕೊಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಬೇಕೇ ಬೇಕು.

ಬ್ಲೂಮಿಂಗ್ಟನ್ನಿನ ಹಳೇ ಕೋರ್ಟಿನ ಕಟ್ಟಡ ಈಗ ಇತಿಹಾಸದ ಮ್ಯೂಸಿಯಂ. 1900ರ ಬೆಂಕಿಯಲ್ಲಿ ಹಿಂದಿನದು ಸುಟ್ಟಮೇಲೆ ಕಟ್ಟಿದ್ದು. ಅಬ್ರಹಾಂ ಲಿಂಕನ್ ವಕೀಲರಾಗಿ ಈ ಊರಿನ ಕೋರ್ಟಿಗೆ ಬರುತ್ತಿದ್ದರು. ಅದಕ್ಕೂ ಮೊದಲು ಪಕ್ಕದ ಸೀಮೆಯಲ್ಲಿ ಸರಪಳಿ ಎಳೆದ ಸರ್ವೆಯರ್ ಅವರು. ಅಪ್ಪಾಜಿಗೆ ಲಿಂಕನ್ ಹತ್ತಿರವಾದದ್ದು ಅಧ್ಯಕ್ಷರಾಗಿದ್ದರು ಎಂದಲ್ಲ, ಇದಕ್ಕೆ.

ಲಿಂಕನ್‌ರ ದೊಡ್ಡ ಮೊಕದ್ದಮೆಯೊಂದು ಈ ಕೌಂಟಿಯ ಕಂದಾಯದ್ದೇ. ಇಲಿನಾಯ್ ಸೆಂಟ್ರಲ್ ರೈಲ್ವೆಯ ಆಸ್ತಿಗೆ ಮೆಕ್ಲೇನ್ ಕೌಂಟಿ ತೆರಿಗೆ ಹಾಕಿತು. ರಾಜ್ಯಕ್ಕೆ ಆದಾಯದಲ್ಲಿ ಪಾಲು ಕೊಡುತ್ತೇವೆ, ಕೌಂಟಿಗೆ ಕೊಡಬೇಕಿಲ್ಲ ಎಂಬುದು ರೈಲ್ವೆಯ ವಾದ. ಲಿಂಕನ್ ನಿಂತದ್ದು ರೈಲ್ವೆ ಪರ. 1856ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 5,000 ಡಾಲರ್ ಫೀಸು ಕೇಳಿದರೆ ರೈಲ್ವೆ ಕೊಡಲಿಲ್ಲ. 1857ರಲ್ಲಿ ಇದೇ ಬ್ಲೂಮಿಂಗ್ಟನ್ನಿನ ಕೋರ್ಟಿನಲ್ಲಿ ರೈಲ್ವೆಯ ಮೇಲೇ ದಾವೆ ಹಾಕಿ ವಸೂಲಿ ಮಾಡಿದರು. "ಕೌಂಟಿಗೆ ಬರಬೇಕಾದ ಕಂದಾಯ ತಪ್ಪಿಸಿದರು" ಎಂದು ಅಪ್ಪಾಜಿ ಬೇಸರಪಟ್ಟುಕೊಂಡರು. ಕಂದಾಯ ಇಲಾಖೆಯ ಮನುಷ್ಯ, ನೂರಾ ಅರುವತ್ತು ವರ್ಷದ ಬಾಕಿಯೂ ಅವರಿಗೆ ಬಾಕಿಯೇ.

ಹೊರಡುವ ಹಿಂದಿನ ದಿನ ನಮ್ಮ ಮನೆಯ ಜಾಗದ ನಕ್ಷೆ ಪ್ರಿಂಟು ಹಾಕಿ ಕೊಡು ಎಂದರು. ಕೌಂಟಿಯ ಜಾಲತಾಣದಲ್ಲಿ ಯಾರ ಜಾಗದ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಜಾಗದ ಹತ್ತಂಕಿಯ ಸಂಖ್ಯೆಯಲ್ಲಿ ಮೊದಲೆರಡು ಟೌನ್‌ಶಿಪ್, ಮುಂದಿನೆರಡು ಸೆಕ್ಷನ್ ಎಂದು ನಾನು ಹೇಳುವ ಮೊದಲೇ ಅವರು ಬಿಡಿಸಿಕೊಂಡಿದ್ದರು. ಅವರನ್ನು ಚಿಕಾಗೋದಲ್ಲಿ ವಿಮಾನ ಹತ್ತಿಸಿ ಬಂದು ನೋಡಿದರೆ ತೆರಿಗೆಯ ಫೈಲಿನಲ್ಲಿ, ಎರಡನೇ ಕಂತಿನ ಚೀಟಿಯ ಮೇಲೆ ಆ ನಕ್ಷೆ ಇತ್ತು. ಅಂಚಿನಲ್ಲಿ ಅವರ ದುಂಡನೆಯ ಅಕ್ಷರ:

"ಚಕ್ಕುಬಂದಿ. ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಶಾಲೆ ಟೀಚರಮ್ಮನವರ ಹಿತ್ತಲು. ಉತ್ತರಕ್ಕೆ ಖಾಲಿ ನಿವೇಶನ, ಒಂದು ಮೇಪಲ್ ಮರ ಸಹಿತ. ದಕ್ಷಿಣಕ್ಕೆ ನಾಯಿ ಸಾಕಿದವರ ಮನೆ. ವಿಸ್ತೀರ್ಣ ಹತ್ತು ಗುಂಟೆಗೆ ಸ್ವಲ್ಪ ಕಡಿಮೆ. ಅನುಭೋಗದಾರರು: ನನ್ನ ಮಗಳು."