ಮೀನುಗಳೊಡನೆ ಮಾತಾಡುತ್ತಿದ್ದ ಸಭಾಪಾಲಕರು

2003ರ ಫೆಬ್ರುವರಿ 27ರಂದು ಪಿಟ್ಸ್‌ಬರ್ಗ್‌ನಲ್ಲಿ ತೀರಿಕೊಂಡ ಫ್ರೆಡ್ ರೋಜರ್ಸ್ ಅವರನ್ನು ಅಮೆರಿಕವು ಮಕ್ಕಳ ಟಿವಿಯ ಆಪ್ತರೆಂದು ನೆನೆಯುತ್ತದೆಯಾದರೂ, ನನಗೆ ಅವರು ಮೊದಲಿಗೆ ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡದ ಸಭಾಪಾಲಕರು. 1963ರಲ್ಲಿ ದೀಕ್ಷೆ ನೀಡಿದ ಸಭೆಯು ಅವರಿಗೆ ಒಪ್ಪಿಸಿದ್ದು ಟೆಲಿವಿಷನ್ ಮೂಲಕ ಮಕ್ಕಳ ಸೇವೆಯನ್ನು. ಆ ಸಭೆಯ ದೂರದೃಷ್ಟಿಯೂ ಮೆಚ್ಚತಕ್ಕದ್ದೇ. ತೆರೆಯ ಮೇಲೆ ಅವರು ಧರ್ಮೋಪದೇಶ ಮಾಡಲಿಲ್ಲ. ಕಾರ್ಯಕ್ರಮದಲ್ಲಿ ಗಾಜಿನ ತೊಟ್ಟಿಯ ಮೀನುಗಳಿಗೆ ಆಹಾರ ಹಾಕುವಾಗ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಏಕೆಂದರೆ ಕಣ್ಣು ಕಾಣದ ಬಾಲಕಿಯೊಬ್ಬಳು ಮೀನುಗಳು ಹಸಿದಿವೆಯೇನೋ ಎಂದು ಕಳವಳಪಡುತ್ತಿದ್ದಳೆಂದು ಅವರಿಗೆ ಪತ್ರ ಬಂದಿತ್ತು. 1969ರಲ್ಲಿ, ಈಜುಕೊಳಗಳಲ್ಲೂ ವರ್ಣಭೇದ ಉಳಿದಿದ್ದ ದಿನಗಳಲ್ಲಿ, ಕಪ್ಪು ವರ್ಣೀಯ ಗಾಯಕ ಫ್ರಾಂಸ್ವಾ ಕ್ಲೆಮನ್ಸ್ ಅವರೊಡನೆ ಒಂದೇ ಪುಟ್ಟ ತೊಟ್ಟಿಯ ನೀರಿನಲ್ಲಿ ಕಾಲಿಟ್ಟು ಕುಳಿತರು. 1993ರಲ್ಲಿ ಆ ದೃಶ್ಯ ಮರುಕಳಿಸಿದಾಗ ಗೆಳೆಯನ ಪಾದಗಳನ್ನು ತಾವೇ ಒರೆಸಿದರು. ಅದನ್ನು ನೋಡುವಾಗಲೆಲ್ಲ ಶಿಷ್ಯರ ಪಾದ ತೊಳೆದ ಯೇಸುಸ್ವಾಮಿಯೇ ನನಗೆ ನೆನಪಾಗುತ್ತಾರೆ.