ವಾಲಿದ ಗೋಪುರದ ಕೆಳಗೆ

ಇಟಲಿಯ ಬೊಲೊನ್ಯ ನಗರದಲ್ಲಿ ದಾರಿ ತಪ್ಪಿದರೆ ತಲೆ ಎತ್ತಿದರೆ ಸಾಕು, ಎರಡು ಇಟ್ಟಿಗೆ ಗೋಪುರಗಳು ಕಾಣುತ್ತವೆ. ಬಾಡಿಗೆ ಮನೆ ಹುಡುಕುತ್ತಾ ಅಲೆದ ಮೊದಲ ವಾರ ನನಗೆ ಅವೇ ಗುರುತು. ಎತ್ತರದ್ದು ಅಸಿನೆಲ್ಲಿ, 97 ಮೀಟರ್. ಪಕ್ಕದ ಗಿಡ್ಡ ಗೋಪುರ ಗರಿಸೆಂಡ, 48 ಮೀಟರ್. ಅದು ನೋಡಿದರೆ ಎದೆ ಝಲ್ ಎನ್ನುವಷ್ಟು ವಾಲಿದೆ. ಎರಡೂ 12ನೇ ಶತಮಾನದವು, ಕಟ್ಟಿಸಿದ ಮನೆತನಗಳ ಹೆಸರೇ ಉಳಿದಿದೆ.

ಗೋಪುರ ಅಂದರೆ ನಮಗೆ ದೇವಸ್ಥಾನ. ಚಾಮುಂಡಿ ಬೆಟ್ಟದ ಏಳು ನೆಲೆಯ ಗೋಪುರವೂ ಒಂದು ಬಾಗಿಲೇ ಅಲ್ವಾ, ಅದರಡಿಯಲ್ಲೇ ನಡೆದು ಒಳಗೆ ಹೋಗುತ್ತೇವೆ. ಇಲ್ಲಿಯವು ಹಾಗಲ್ಲ. ದಪ್ಪ ಗೋಡೆ, ಬೆಳಕಿಂಡಿಯಂಥ ಕಿಟಕಿ. ಜಗಳವಾದಾಗ ಕೋಟೆ, ಉಳಿದ ದಿನ ಮನೆತನದ ಜಂಬ. ಒಬ್ಬ ಸಾಹುಕಾರ ಕಟ್ಟಿದರೆ ಇನ್ನೊಬ್ಬ ಅದಕ್ಕಿಂತ ಎತ್ತರ ಕಟ್ಟುತ್ತಿದ್ದ. ಹಾಗೆ ಹಠಕ್ಕೆ ಬಿದ್ದು ಎದ್ದ ಹತ್ತಾರು ಗೋಪುರಗಳಲ್ಲಿ ಈಗ ಸುಮಾರು 20 ಉಳಿದಿವೆ.

ನನಗೆ ಗರಿಸೆಂಡ ಅಂದರೇ ಜಾಸ್ತಿ ಇಷ್ಟ. ಮೊದಲು ಅದು 60 ಮೀಟರ್ ಇತ್ತು. ಅಡಿಯ ನೆಲ ಕುಸಿದು ವಾಲಿತು, 14ನೇ ಶತಮಾನದಲ್ಲಿ ತುದಿ ಕೆಡವಿದರು. ಅದಕ್ಕೂ ಮೊದಲೇ ಕವಿ ಡಾಂಟೆ ಅದನ್ನು ನೋಡಿದ್ದ. 'ಡಿವೈನ್ ಕಾಮಿಡಿ'ಯ ನರಕದಲ್ಲಿ ಆಂಟಿಯಸ್ ಎಂಬ ದೈತ್ಯ ಬಗ್ಗಿದಾಗ ಡಾಂಟೆಗೆ ನೆನಪಾಗುವುದು ಇದೇ ಗೋಪುರ. ವಾಲಿದ ಕಡೆ ನಿಂತು ನೋಡುವಾಗ ಮೇಲೆ ಮೋಡ ಎದುರು ದಿಕ್ಕಿಗೆ ಸರಿದರೆ, ಗೋಪುರವೇ ಮೈಮೇಲೆ ಬಗ್ಗಿದಂತೆ ಕಾಣುತ್ತದಂತೆ. ಆ ಸಾಲುಗಳನ್ನು ಕೆತ್ತಿದ ಕಲ್ಲು ಗೋಪುರದ ಬುಡದಲ್ಲೇ ಇದೆ. ಒಂದು ಸಂಜೆ ನಾನೂ ನಿಂತು ನೋಡಿದೆ. ಮೋಡ ಸರಿಯಿತು. ಇಟ್ಟಿಗೆಯ ಅಂಚು ನಿಧಾನವಾಗಿ ನನ್ನತ್ತ ಬಂತು. ಗೊತ್ತಿದ್ದೂ ಎರಡು ಹೆಜ್ಜೆ ಹಿಂದಕ್ಕೆ ಸರಿದೆ. 700 ವರ್ಷದ ಹಿಂದೆ ಒಬ್ಬ ಕವಿ ಕಂಡದ್ದು ಇದೇ ಅಂದುಕೊಂಡಾಗ ಮೈ ಜುಮ್ಮೆಂದಿತು.

ಅಸಿನೆಲ್ಲಿಗೆ 498 ಮೆಟ್ಟಿಲು. ಓದು ಮುಗಿಯುವ ಮೊದಲು ಹತ್ತಿದರೆ ಡಿಗ್ರಿ ಸಿಗಲ್ಲ ಅಂತ ಇಲ್ಲಿನ ವಿದ್ಯಾರ್ಥಿಗಳು ನಂಬುತ್ತಾರೆ. ನಾನೂ ಹತ್ತಲಿಲ್ಲ. ಡಿಗ್ರಿ ಕೈಗೆ ಬರುವಷ್ಟರಲ್ಲಿ, 2023ರ ಅಕ್ಟೋಬರ್‌ನಲ್ಲಿ, ಗರಿಸೆಂಡ ಬೀಳಬಹುದೆಂಬ ಭಯದಿಂದ ಎರಡನ್ನೂ ಮುಚ್ಚಿದರು. ಸುತ್ತ ಬೇಲಿ ಬಂತು. ಆಮೇಲೆ ಗರಿಸೆಂಡದ ಬುಡ ಗಟ್ಟಿ ಮಾಡುವ ಕೆಲಸ ಶುರುವಾಯಿತು.

ನೆರೆಯವರನ್ನು ಹೆದರಿಸಲು ಕಟ್ಟಿದ್ದು ಅದು. ಆ ಸಾಹುಕಾರರ ಜಂಬ ಈಗ ಯಾರಿಗೂ ಬೇಕಿಲ್ಲ. ಆದರೆ ಗೋಪುರ ಬಿದ್ದೀತು ಅಂದಾಗ ಇಡೀ ಊರಿಗೇ ಸಂಕಟವಾಯಿತು. ನಮ್ಮ ಬೀದಿಯ ಬ್ರೆಡ್ ಅಂಗಡಿಯ ಅಜ್ಜಿಗೆ ಈಗ ಅಷ್ಟು ದೂರ ನಡೆಯಲು ಆಗುವುದಿಲ್ಲ. ನಾನು ಆ ಕಡೆಯಿಂದ ಬಂದರೆ ಮನೆಯ ಹಿರಿಯರನ್ನು ವಿಚಾರಿಸಿದಂತೆ ಕೇಳುತ್ತಾರೆ: "ಇವತ್ತು ಹೇಗಿದೆ ನಮ್ಮ ಗರಿಸೆಂಡ?"