ಒಂದೇ ವಿಮಾನ, ಎರಡು ಸ್ವಿಚ್: ಗದ್ದೆಬಯಲಲ್ಲಿ ಪ್ರಿಸಿಷನ್ ಮತ್ತು ಫ್ರೀಸ್ಟೈಲ್

ಆರ್‌ಸಿ (ರಿಮೋಟಿನಿಂದ ನಡೆಸುವ ಪುಟ್ಟ) ವಿಮಾನ ಹಾರಿಸುವವರಲ್ಲಿ ಎರಡು ಪಂಗಡ. ಗೆರೆ ಎಳೆದ ಹಾಗೆ ಲೂಪ್, ರೋಲ್, ಸ್ಟಾಲ್ ಟರ್ನ್‌ನಂಥ ಕಸರತ್ತು ಮಾಡುವ ಪ್ರಿಸಿಷನ್‌ನವರು; ಮೂಗು ಮೇಲೆ ಮಾಡಿ ಗಾಳಿಯಲ್ಲೇ ನೇತುಹಾಕುವ (ಹೋವರ್) ಫ್ರೀಸ್ಟೈಲ್‌ನವರು. ಫ್ರೀಸ್ಟೈಲ್‌ಗೆ ಟ್ರಿಮ್ (ಸ್ಟಿಕ್ ಬಿಟ್ಟರೂ ನೇರ ಹಾರುವಂತೆ ಹದಮಾಡುವುದು) ಯಾಕೆ, ಥ್ರೋ (ರೆಕ್ಕೆ, ಬಾಲದ ಪಟ್ಟಿಗಳು ಬಾಗುವ ಪ್ರಮಾಣ) ಜಾಸ್ತಿ ಕೊಟ್ಟರೆ ಆಯ್ತಲ್ಲ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಆಗುವುದಿಲ್ಲ. ಟ್ರಿಮ್ ಇಲ್ಲದ ವಿಮಾನವನ್ನು ಹೋವರ್‌ಗೆ ನಿಲ್ಲಿಸಿದರೆ ಅರ್ಧ ಗಮನ ಅದರ ಓರೆ ತಿದ್ದುವುದಕ್ಕೇ ಹೋಗುತ್ತದೆ. ಮೊದಲು ಪ್ರಿಸಿಷನ್‌ಗೆ ಕೂರಿಸಿ, ಆಮೇಲೆ ರಿಮೋಟಿನ ಸ್ವಿಚ್ ಒತ್ತಿ ಥ್ರೋ ಹೆಚ್ಚಿಸಿ ಕುಣಿಸಿ.

ಮೊದಲು ಜಾಗದ ಲೆಕ್ಕ. ಎಫ್3ಎ ಎಂಬ ಅಂತರರಾಷ್ಟ್ರೀಯ ಪ್ರಿಸಿಷನ್ ಸ್ಪರ್ಧೆಯಲ್ಲಿ ವಿಮಾನ ಪೈಲಟ್‌ನಿಂದ ಸುಮಾರು 150 ಮೀಟರ್ ದೂರದಲ್ಲಿ, ಎಡಕ್ಕೆ 60, ಬಲಕ್ಕೆ 60 ಡಿಗ್ರಿಯೊಳಗೆ ಹಾರಬೇಕು. ಅಂದರೆ ಅಡ್ಡಕ್ಕೆ 520 ಮೀಟರ್ ಬಯಲು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎರಡು ಗುಡ್ಡದ ನಡುವಿನ ಕಿರಿದಾದ ಗದ್ದೆಬಯಲಲ್ಲಿ ಅಷ್ಟು ಎಲ್ಲಿ ಸಿಗಬೇಕು? ಭದ್ರಾ ನಾಲೆಯ ಕಡೆ ಬಯಲು ಅಗಲವಾಗಿದೆ, ಆದರೆ ಬೇಸಿಗೆ ಬೆಳೆಯೂ ಇರುವುದರಿಂದ ಗದ್ದೆ ಖಾಲಿ ಸಿಗುವುದು ಕಡಿಮೆ. ಮಲೆನಾಡಿನ ಮಳೆಯಾಶ್ರಿತ ಗದ್ದೆ ಕೊಯ್ಲಾದ ಮೇಲೆ ಮುಂದಿನ ಮಳೆಗಾಲದವರೆಗೂ ಹೆಚ್ಚಾಗಿ ಖಾಲಿ. ಒಂದು ಮೀಟರ್ ರೆಕ್ಕೆಯ ವಿಮಾನವನ್ನು 60 ಮೀಟರ್ ದೂರದಲ್ಲಿ ಹಾರಿಸಿದರೆ ಅದೇ ಕೋನಕ್ಕೆ 210 ಮೀಟರ್ ಅಗಲ ಸಾಕು. ಫ್ರೀಸ್ಟೈಲ್‌ಗಾದರೆ ನಾಲ್ಕು ಗದ್ದೆ ಧಾರಾಳ.

ಶಿವಮೊಗ್ಗದ ಹತ್ತಿರದವರು ಇನ್ನೊಂದು ನೋಡಿಕೊಳ್ಳಬೇಕು. ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. 2021ರ ಡ್ರೋನ್ ನಿಯಮದ ಪ್ರಕಾರ ನಿಲ್ದಾಣದ ಆವರಣದಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಯವರೆಗೆ ಮಾತ್ರ ಹಸಿರು (ಅನುಮತಿಯಿಲ್ಲದೆ ಹಾರಿಸಬಹುದಾದ) ವಲಯ. ಅದಕ್ಕಿಂತ ಹತ್ತಿರ ಬೇಡವೇ ಬೇಡ. ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆ ತೆರೆದು ಬಣ್ಣ ನೋಡಿ ಜಾಗ ಆರಿಸಿ.

ಈಗ ಸೆಟಪ್. ಸಿಜಿಯನ್ನು (ತೂಕ ಸಮತೋಲವಾಗುವ ಬಿಂದು) ರೆಕ್ಕೆಯ ಮುಂದಂಚಿನಿಂದ ಸರಾಸರಿ ಅಗಲದ 28–30 ಶೇಕಡಾದಲ್ಲಿಟ್ಟು ಶುರುಮಾಡಿ. ನೇರ ಹಾರಾಟಕ್ಕೆ ಟ್ರಿಮ್ ಆದ ಮೇಲೆ 45 ಡಿಗ್ರಿ ಏರಿಸಿ, ತಲೆಕೆಳಗು ಮಾಡಿ, ಎಲಿವೇಟರ್ (ಮೂಗು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಸ್ಟಿಕ್ ಬಿಟ್ಟುಬಿಡಿ. ಮೂಗು ಜೋರಾಗಿ ನೆಲದ ಕಡೆ ಬಾಗಿದರೆ ಮುಂಭಾರ. ಬ್ಯಾಟರಿಯನ್ನು 5 ಮಿ.ಮೀ. ಹಿಂದೆ ಸರಿಸಿ ಮತ್ತೆ ನೋಡಿ. ನಿಧಾನಕ್ಕೆ ಬಾಗಿದರೆ ಪ್ರಿಸಿಷನ್‌ಗೆ ಸರಿ, ಗೆರೆ ಬಿಡದೆ ಹೋದರೆ ಫ್ರೀಸ್ಟೈಲ್‌ಗೆ ಸರಿ. ತಾನಾಗಿ ಮೇಲಕ್ಕೆ ಎದ್ದರೆ ಹಿಂಭಾರ ಅತಿಯಾಯಿತು, ಇಳಿಸುವಾಗ ಕೈಕೊಡುತ್ತದೆ.

ಆಮೇಲೆ ಮೋಟಾರಿನ ಕೋನ. ಫುಲ್ ಥ್ರಾಟಲ್‌ನಲ್ಲಿ ನೆಟ್ಟಗೆ ಮೇಲಕ್ಕೆ ಬಿಡಿ. ಮೂಗು ಎಡಕ್ಕೆ ತಿರುಗಿದರೆ ರೈಟ್ ಥ್ರಸ್ಟ್ (ಮೋಟಾರು ಬಲಕ್ಕೆ ಓರೆಯಾಗಿರುವುದು) ಸಾಲದು ಎಂದರ್ಥ. ಮೌಂಟಿನ ಬೋಲ್ಟುಗಳ ನಡುವೆ 50 ಮಿ.ಮೀ. ಅಂತರವಿದ್ದರೆ ಒಂದು ಡಿಗ್ರಿಗೆ ಹತ್ತಿರಹತ್ತಿರ 0.9 ಮಿ.ಮೀ. ಬೇಕು, ಎಡಬದಿಯ ಬೋಲ್ಟಿಗೆ ಅರ್ಧ ಮಿ.ಮೀ.ನ ಎಂ3 ವಾಷರ್ ಎರಡು ಹಾಕಿದರಾಯಿತು. ಇದನ್ನು ಗಾಳಿ ಏಳುವ ಮೊದಲು, ಬೆಳಗಿನ ಮಂಜು ಕರಗಿದ ಕೂಡಲೇ ಮಾಡಬೇಕು. ಗಾಳಿಯಿದ್ದರೆ ವಿಮಾನ ಪಕ್ಕಕ್ಕೆ ತೇಲಿದ್ದೋ, ಮೂಗು ತಿರುಗಿದ್ದೋ ಗೊತ್ತಾಗದೆ ಸುಮ್ಮನೆ ವಾಷರ್ ಸೇರಿಸುತ್ತಾ ಹೋಗುತ್ತೀರಿ. ಗುಡ್ಡದ ಮರೆಯ ಗದ್ದೆಯಲ್ಲಂತೂ ಗುಡ್ಡ ದಾಟಿ ಬಂದ ಗಾಳಿ ಸುಳಿ ಸುಳಿಯಾಗಿ ಕೆಳಗೆ ಬೀಳುತ್ತದೆ. ಅಂಥ ದಿನ ಟ್ರಿಮ್ಮಿಗೆ ಕೈಹಾಕಲೇಬೇಡಿ.

ಥ್ರೋ ಅಳೆಯಲು ಸ್ಕೇಲ್ ಸಾಕು. ಎಲಿವೇಟರ್ 50 ಮಿ.ಮೀ. ಅಗಲವಿದ್ದರೆ 12 ಡಿಗ್ರಿಗೆ ಹಿಂದಂಚು 10 ಮಿ.ಮೀ., 45 ಡಿಗ್ರಿಗೆ 35 ಮಿ.ಮೀ. ಸರಿಯಬೇಕು. ಲೋ ರೇಟ್‌ನಲ್ಲಿ (ಪ್ರಿಸಿಷನ್‌ಗೆ) ಎಲಿವೇಟರ್ 12, ಎಲೆರಾನ್ (ರೆಕ್ಕೆಯ ಹಿಂದಂಚಿನ ಪಟ್ಟಿ) 15, ರಡ್ಡರ್ (ಬಾಲದ ನೆಟ್ಟಗಿನ ಪಟ್ಟಿ) 25 ಡಿಗ್ರಿ, ಎಕ್ಸ್‌ಪೋ (ಸ್ಟಿಕ್ ನಡುವಿನಲ್ಲಿ ಮೆದುವಾಗುವ ಪ್ರಮಾಣ) 25 ಶೇಕಡಾ. ಹೈ ರೇಟ್‌ನಲ್ಲಿ (ಫ್ರೀಸ್ಟೈಲ್‌ಗೆ) 45, 35, 45, ಎಕ್ಸ್‌ಪೋ 50–60. ತೊಡಕು ಇರುವುದು ಇಲ್ಲೇ. 45 ಡಿಗ್ರಿಗಾಗಿ ಎಲಿವೇಟರ್ ಸರ್ವೋಗೆ (ಪಟ್ಟಿಯನ್ನು ಬಾಗಿಸುವ ಪುಟ್ಟ ಮೋಟಾರ್) ಉದ್ದ ತೋಳು ಹಾಕಿದರೆ ಲೋ ರೇಟ್‌ನಲ್ಲಿ ಸರ್ವೋ ತಿರುಗುವುದು ಹೈ ರೇಟಿನ ಸುಮಾರು ಕಾಲು ಪಾಲು ಮಾತ್ರ. ಗೇರಿನ ಸಡಿಲವೆಲ್ಲ ದೊಡ್ಡದಾಗಿ ಕಾಣುತ್ತದೆ, ನೇರ ರೋಲ್ ನಡುಗುತ್ತದೆ. ಪ್ರಿಸಿಷನ್‌ನವರು ಗಿಡ್ಡ ತೋಳು ಹಾಕುವುದು ಇದಕ್ಕೇ. ಎರಡೂ ಬೇಕೆಂದರೆ ಸಡಿಲವಿಲ್ಲದ ಮೆಟಲ್ ಗೇರ್ ಸರ್ವೋ ಮತ್ತು ಬಾಲ್ ಲಿಂಕ್‌ಗೆ ದುಡ್ಡು ಹಾಕಿ. ಬೇರೆ ಯಾವುದಕ್ಕೆ ಜುಗ್ಗತನ ಮಾಡಿದರೂ ನಡೆದೀತು. ಸರ್ವೋದಿಂದ ಪಟ್ಟಿಗೆ ಹೋಗುವ ಪ್ಲಾಸ್ಟಿಕ್ ಪುಶ್‌ರಾಡ್ ಬಿಸಿಲಿಗೆ ಉದ್ದವಾಗುತ್ತದೆ, ಬೆಳಿಗ್ಗೆ ಮಾಡಿದ ಟ್ರಿಮ್ ಮಧ್ಯಾಹ್ನಕ್ಕೆ ಇರುವುದಿಲ್ಲ. ಕಾರ್ಬನ್ ಕಡ್ಡಿ ಹಾಕಿ.

ಹೋವರ್‌ಗೆ ಥ್ರಸ್ಟ್ ವಿಮಾನದ ತೂಕದ ಒಂದೂವರೆ ಪಟ್ಟಾದರೂ ಬೇಕು. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಬಾಲಕ್ಕೆ ಹಗ್ಗದಲ್ಲಿ ಕಟ್ಟಿ ಥ್ರಾಟಲ್ ಕೊಡಿ: 900 ಗ್ರಾಂ ವಿಮಾನ 1350 ತೋರಿಸಬೇಕು. ತೋರಿಸದಿದ್ದರೆ ವ್ಯಾಸ ಹೆಚ್ಚು, ಪಿಚ್ ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿ, ಕರೆಂಟ್ ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಕ) ಮಿತಿಯೊಳಗಿದೆಯೇ ಎಂದು ವಾಟ್ ಮೀಟರ್‌ನಲ್ಲಿ ನೋಡಿ. ರಡ್ಡರ್ ಗೊಂದಲಕ್ಕೆ ಒಂದು ಸೂತ್ರವಿದೆ. ಹೊಟ್ಟೆ ನಿಮ್ಮ ಕಡೆ ಇದ್ದಾಗ ಮೂಗು ಯಾವ ಕಡೆ ವಾಲುತ್ತದೋ ಸ್ಟಿಕ್ ಅದೇ ಕಡೆ. ಕೆನೊಪಿ (ಬೆನ್ನ ಮೇಲಿನ ಕಾಕ್‌ಪಿಟ್ ಮುಚ್ಚಳ) ನಿಮ್ಮ ಕಡೆ ಇದ್ದಾಗ ಅದರ ವಿರುದ್ಧ. ಹ್ಯಾರಿಯರ್‌ನಲ್ಲಿ (ಮೂಗೆತ್ತಿ ನಿಧಾನಕ್ಕೆ ಹಾರಿಸುವಾಗ) ರೆಕ್ಕೆ ತೊನೆದಾಡಿದರೆ ಎರಡೂ ಎಲೆರಾನ್ 5ರಿಂದ 10 ಡಿಗ್ರಿ ಮೇಲೇಳುವಂತೆ ರಿಮೋಟಿನಲ್ಲಿ ಮಿಕ್ಸ್ ಕೊಡಿ.

ಮಳೆಗಾಲದಲ್ಲಿ ಬಾಲ್ಸಾ ಮರ ತೇವ ಹೀರುತ್ತದೆ, ಹೊದಿಕೆ ಸುಕ್ಕುಗಟ್ಟುತ್ತದೆ, ರೆಕ್ಕೆ ತಿರುಚುತ್ತದೆ. ಮಳೆ ಬಿಟ್ಟ ಮೇಲೆ ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ, ತಿರುಚಿದ್ದರೆ ಕೈಯಲ್ಲಿ ಎದುರು ತಿರುಚಿ ಹಿಡಿದು ಇಸ್ತ್ರಿ ಹಾಕಿ. ಇಪಿಪಿ ಫೋಮ್‌ಗೆ ಈ ಕಾಟ ಇಲ್ಲ. ಚಕ್ರ ಕೂಳೆಗೆ ಸಿಕ್ಕಿ ಮೂಗು ಕುಟ್ಟುವುದು ಮಾತ್ರ ಎಲ್ಲಕ್ಕೂ ಇದ್ದದ್ದೇ. ಇಳಿಸುವಷ್ಟು ಉದ್ದ ಕೂಳೆ ಸವರಿಕೊಳ್ಳಿ.

ತೋಟದ ಕಡೆ ಬೀಳುತ್ತಿದೆ ಅಂದ ಕೂಡಲೇ ಥ್ರಾಟಲ್ ಸೊನ್ನೆ ಮಾಡಿ. ಅಡಿಕೆ ಸೋಗೆಯಲ್ಲಿ ಪ್ರೊಪೆಲ್ಲರ್ ಸಿಕ್ಕಿ ಮೋಟಾರ್ ನಿಂತರೆ ಇಎಸ್‌ಸಿ ಸುಟ್ಟುಹೋಗುತ್ತದೆ, ಲಿಪೊ ಬ್ಯಾಟರಿಗೂ ಬೆಂಕಿ ಹತ್ತಬಹುದು. ಕೊನೆ ಕೊಯ್ಯುವ ಫೈಬರ್ ದೋಟಿ ಯಾರ ಮನೆಯಲ್ಲಿದೆ ಎಂದು ಹಾರಿಸುವ ಮೊದಲೇ ವಿಚಾರಿಸಿಡಿ. ಹತ್ತಿರ ಕರೆಂಟ್ ತಂತಿ ಇದ್ದರೆ ಆ ದೋಟಿಯನ್ನೂ ಎತ್ತಬೇಡಿ, ಅದರಲ್ಲಿ ಕಾರ್ಬನ್ ಇದ್ದರೆ ಕರೆಂಟ್ ಹರಿಯುತ್ತದೆ.